ಮನೆಗೆ ಅಮ್ಮ ಬಂದವ್ರೆ

ಹಳ್ಳಿಯವರಿಗೆ ನರ್ಸು ಅಂದರೆ ನರ್ಸು, ಅಷ್ಟೇ. ಬಿಳಿ ಸೀರೆ, ಕಾಲಿಗೆ ಷೂ, ಕೈಯಲ್ಲೊಂದು ಚರ್ಮದ ಚೀಲ ಇದ್ದರೆ ಆಯಿತು. ಹಲ್ಲುನೋವಿಗೂ ಅವಳೇ, ಹಸು ಮೇವು ಬಿಟ್ಟರೂ ಅವಳೇ. ಐವತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದಲ್ಲಿ ಹೆರಿಗೆ ನರ್ಸಾಗಿದ್ದೆ. ಒಂದು ದಿನ ಎತ್ತಿಗೆ ಲಾಳ ಕಟ್ಟಿಸಲು ಬಂದ ಯಜಮಾನರೊಬ್ಬರು ದಾರಿಯಲ್ಲಿ ನನ್ನನ್ನು ತಡೆದು, ಇದರ ಕಣ್ಣಲ್ಲಿ ನೀರು ಸುರೀತದೆ, ಒಸಿ ನೋಡವ್ವ ಅಂದರು. ನೋಡಿದೆ. ನೀರು ಸುರಿಯುತ್ತಿತ್ತು. ಹೌದು ಸುರಿಯುತ್ತಿದೆ ಅಂದೆ. ಅವರು ಸಮಾಧಾನವಾಗಿ ಹೋದರು.

ನಮ್ಮೊಳಗೆ ಮಾತ್ರ ಹಾಗಿರಲಿಲ್ಲ. ನಮ್ಮೊಳಗೆ ಜಾತಿಗಳ ಹಾಗೆ ಪೈಕಿಗಳಿದ್ದವು. ನಾನು ತರಬೇತಿ ಪಡೆದ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೇಲಿನವರು ಆಪರೇಷನ್ ಥಿಯೇಟರಿನವರು. ಅಲ್ಲಿಯ ಸಿಸ್ಟರ್ ಗಂಗಾಂಬಿಕೆ ನಾವು ಕೂತ ಬೆಂಚಿನಲ್ಲಿ ಕೂರುತ್ತಿರಲಿಲ್ಲ, ನಾವು ಮುಟ್ಟಿದ ಚಿಲಕ ಮುಟ್ಟುತ್ತಿರಲಿಲ್ಲ. ಕೇಳಿದರೆ, ಕ್ರಿಮಿ ಅನ್ನುತ್ತಿದ್ದಳು. ರೋಗಿಗಳ ಮುಖ ಅವಳಿಗೆ ನೆನಪಿರುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಕೈಮುಗಿದು, ಸಿಸ್ಟರ್, ನನ್ನ ಜೀವ ಉಳಿಸಿದಿರಿ ಅಂದರೆ ಸುಮ್ಮನೆ ಹೊಟ್ಟೆಯ ಕಡೆ ನೋಡುತ್ತಿದ್ದಳು. ಹೊಲಿಗೆ ತೋರಿಸಿದ್ದರೆ ಗುರುತು ಹಿಡಿಯುತ್ತಿದ್ದಳೋ ಏನೋ.

ಅವರ ಕೆಳಗೆ ವಾರ್ಡಿನವರು. ಜ್ವರ ನೋಡುವುದು, ಇಂಜೆಕ್ಷನ್ನು, ಬೆನ್ನು ಹುಣ್ಣಾಗದ ಹಾಗೆ ರೋಗಿಯನ್ನು ಮಗ್ಗುಲು ತಿರುಗಿಸುವುದು ಅವರ ಪಾಲು. ಮಕ್ಕಳ ವಾರ್ಡಿನವರು ಬೇರೆ, ಕ್ಷಯದ ವಾರ್ಡಿನವರು ಬೇರೆ. ಆಮೇಲೆ ನಾವು, ಹೆರಿಗೆಯವರು. ಎಲ್ಲರಿಗಿಂತ ಕೆಳಗೆ ಬಸವಲಿಂಗಮ್ಮ. ಅವಳು ಸಾಂಕ್ರಾಮಿಕದ ನರ್ಸು. ಸಿಡುಬು, ಕಾಲರಾ ಬಂದವರನ್ನು ವ್ಯಾನಿನಲ್ಲಿ ತಂದು ಊರಾಚೆಯ ಷೆಡ್ಡಿನಲ್ಲಿ ನೋಡಿಕೊಳ್ಳುವವಳು. ಷೆಡ್ಡಿಗೆ ಬೇರೆ ಬಾವಿ, ಅವಳಿಗೆ ಬೇರೆ ತಟ್ಟೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದವಳು, ಆದರೂ ನಮ್ಮಲ್ಲಿ ಯಾರೂ ಅವಳ ಕೈಯಿಂದ ಒಂದು ಲೋಟ ನೀರು ಕುಡಿಯುತ್ತಿರಲಿಲ್ಲ. ನಾನು ಮುದ್ದಮ್ಮ, ಹೊಳೆನರಸೀಪುರದ ಹತ್ತಿರದ ಒಂದು ಹಳ್ಳಿಯ ಕೇರಿಯವಳು, ತಮಟೆ ಬಾರಿಸುವ ಲಕ್ಕಯ್ಯನ ಮಗಳು. ಹುಟ್ಟಿದ್ದು ಊರಾಚೆ. ನರ್ಸಾದ ಮೇಲೆ ನಾನು ಊರೊಳಕ್ಕೆ ಬಂದೆ, ಬಸವಲಿಂಗಮ್ಮ ಊರಾಚೆ ಹೋದಳು. ಲೆಕ್ಕ ಸರಿಹೋಯಿತು ಅಂತ ಸರ್ಕಾರ ಅಂದುಕೊಂಡಿರಬೇಕು.

ಬಿದರೆಕೊಪ್ಪಲಿನ ನಂಜಮ್ಮ ನನ್ನನ್ನು ಹುಡುಕಿಕೊಂಡು ಬಂದದ್ದು ಸಂತೆಯ ನೆಪದಲ್ಲಿ. ಬಿದರೆಕೊಪ್ಪಲು ಚನ್ನರಾಯಪಟ್ಟಣದ ರಸ್ತೆಯಿಂದ ಒಂದಷ್ಟು ಒಳಗಿರುವ ಗೌಡರ ಊರು. ಅವಳ ಮೊದಲ ಬಸಿರು ಹೆರಿಗೆಯಲ್ಲೇ ಹೋಗಿತ್ತು. ಸೂಲಗಿತ್ತಿ ಎಳೆದಾಡಿ, ಕೂಸು ಸತ್ತು, ಇವಳು ಹೇಗೋ ಉಳಿದಿದ್ದಳು. ಈಗ ಮತ್ತೆ ತುಂಬಿದ ಬಸುರಿ. ಕೊತ್ತಂಬರಿ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು.

"ಈ ಸಲನೂ ಕೂಸು ಓದ್ರೆ ಅದರ ಇಂದೆ ನಾನೂ ಒಂಟೋಯ್ತೀನಿ ಕಣ್ರವ್ವ. ನೋವು ಬಂದೇಟ್ಗೆ ಯೇಳಿ ಕಳಿಸ್ತೀನಿ. ನೀವು ಬರ್ಬೇಕು."

ಬರುತ್ತೇನೆ ಅಂದೆ. ಈ ಮಾತನ್ನು ನಾನು ಎಲ್ಲ ಬಸುರಿಯರಿಗೂ ಹೇಳುತ್ತಿದ್ದೆ. ಆದರೆ ಅವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು ಅಂತ ನನಗೆ ಅನ್ನಿಸಿತು, ಹೆದರಿಕೆಯೂ ಆಯಿತು.

ನೋವು ಬಂದದ್ದು ಇನ್ನೊಂದು ಸಂತೆಯ ದಿನ. ಅವಳ ಗಂಡ ದೇವರಾಜು ಕಮಾನು ಗಾಡಿ ಕಟ್ಟಿಕೊಂಡು ಬೆಳಿಗ್ಗೆ ಬಂದ. ಗಾಡಿಯ ತುಂಬ ತೆಂಗಿನಕಾಯಿ, ಕಾಯಿಯ ಮೇಲೆ ನಾನು. ಅವರ ಮನೆ ಊರಿನ ತುದಿಯಲ್ಲಿತ್ತು. ನನ್ನನ್ನು ಹಿತ್ತಲ ಬಾಗಿಲಲ್ಲಿ ಇಳಿಸಿ ಅವನು ಹಾಗೇ ಚನ್ನರಾಯಪಟ್ಟಣದ ಕಾಯಿ ಮಂಡಿಗೆ ಗಾಡಿ ಹೊಡೆದ. "ಯೆರಿಗೆ ಮನೇಲಿ ಗಂಡಸ್ರಿಗೇನ್ ಕೆಲ್ಸ" ಅಂದ. ನಿಜವೇ. ಗಾಡಿಗೆ ಕೆಲಸವಿತ್ತು ಅಂತ ಆಮೇಲೆ ಗೊತ್ತಾಯಿತು.

ಬಾಗಿಲಲ್ಲಿ ಅವಳ ಅತ್ತೆ ಸುಬ್ಬಮ್ಮ ಅಡ್ಡ ನಿಂತಿದ್ದಳು.

"ಯಾವ ಪೈಕಿನವ್ವ ನೀವು?"

"ಹೆರಿಗೆ ಪೈಕಿ" ಅಂದೆ.

ಅವಳು ಯೋಚಿಸಿದಳು. ಅಂಥ ಪೈಕಿಯನ್ನು ಅವಳು ಕೇಳಿರಲಿಲ್ಲ. ಆದರೆ ಷೂ ಹಾಕಿಕೊಂಡು ಬಂದಿದೆ, ಇರಬಹುದು, ದೊಡ್ಡದೇ ಇರಬಹುದು. ಪಕ್ಕಕ್ಕೆ ಸರಿದಳು.

ಹಳ್ಳಿಯ ಹೆರಿಗೆ ಕೋಣೆ ಎಂದರೆ ಸಂತೆ. ಬಂದವರೆಲ್ಲ ಒಂದೊಂದು ಸಲ ಹೊಟ್ಟೆ ಮುಟ್ಟಿ ಹೋಗಬೇಕು. ಅದಕ್ಕೆ ನಾನು ಕಾಲಿಟ್ಟ ಕೂಡಲೇ ಮಾವ ಚನ್ನಪ್ಪನವರಿಗೆ ಹೇಳಿದೆ: ಬಿಸಿನೀರು ಬೇಕು, ತುಂಬ ಬೇಕು, ಮತ್ತೆ ಯಾರನ್ನೂ ಒಳಗೆ ಬಿಡಬೇಡಿ. ಚನ್ನಪ್ಪನವರು ಒಳ್ಳೆಯ ಮನುಷ್ಯ. ಮಾತನ್ನು ಮಾತ್ರ ಬಿತ್ತನೆ ರಾಗಿಯ ಹಾಗೆ ಎಣಿಸಿ ಹೊರಗೆ ಬಿಡುವವರು. ಅದರ ಮೇಲೆ ಸೊಸೆಯ ಹೆರಿಗೆಯ ಮಾತನ್ನು ಗಂಡಸು ಬೀದಿಯಲ್ಲಿ ಆಡಬಾರದು ಅನ್ನುವ ಸಂಕೋಚ ಬೇರೆ. ಅವರು ದೊಡ್ಡ ಹಂಡೆ ಕೇಳಲು ಪಕ್ಕದ ಮನೆಯ ಪಾರ್ವತಮ್ಮನ ಹತ್ತಿರ ಹೋದರು. ಅಲ್ಲಿ ನಡೆದದ್ದನ್ನು ಪಾರ್ವತಮ್ಮ ಮುಂದೆ ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತಿದ್ದಳು, ನನಗೂ ಹೇಳಿದಳು.

"ಯಾಕಣ್ಣ ಅಂಡೆ?"

"ಮನೆಗೆ ಅಮ್ಮ ಬಂದವ್ರೆ."

"ಆಂ?"

"ಯಾರ್ನೂ ಒಳೀಕೆ ಬುಡಬ್ಯಾಡಿ ಅಂದವ್ರೆ."

ಹಂಡೆ ಹೊತ್ತುಕೊಂಡು ವಾಪಸು ಬಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಅವರ ಬಾಯಲ್ಲಿ ಅಮ್ಮ ಅಂದರೆ ನಾನು, ನರ್ಸಮ್ಮ. ಆದರೆ ನಮ್ಮ ಕಡೆ ಸಿಡುಬು ಅನ್ನುವ ಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಮೈಮೇಲೆ ಸಿಡುಬು ಎದ್ದರೆ ಅದು ಮಾರಮ್ಮ ಮನೆಗೆ ಬಂದ ಹಾಗೆ. ಅದನ್ನು ಹೇಳುವುದು ಒಂದೇ ಮಾತಿನಲ್ಲಿ: ಮನೆಗೆ ಅಮ್ಮ ಬಂದವ್ರೆ. ಅಮ್ಮ ಬಂದ ಮನೆಗೆ ಯಾರೂ ಹೋಗುವಂತಿಲ್ಲ, ಅಲ್ಲಿಂದ ಯಾರೂ ಬರುವಂತಿಲ್ಲ.

ಒಳಗೆ ನನಗೆ ಇದೊಂದೂ ಗೊತ್ತಿಲ್ಲ. ನಾನು ನಂಜಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. ತಲೆ ಕೆಳಗಿರಬೇಕಾದ ಕಡೆ ಇರಲಿಲ್ಲ. ಮೇಲೂ ಇರಲಿಲ್ಲ. ಎಡಪಕ್ಕೆಯಲ್ಲಿ ಗಟ್ಟಿಯಾಗಿ, ದುಂಡಗೆ ಸಿಕ್ಕಿತು. ಕೂಸು ಅಡ್ಡ ಮಲಗಿತ್ತು. ಮೊದಲ ಸಲವೂ ಹೀಗೇ ಮಲಗಿದ್ದಿರಬೇಕು. ಮೆಲ್ಲಗೆ ತಿರುಗಿಸಿ ನೋಡಿದೆ, ತಿರುಗಿತು, ನಾನು ಕೈ ತೆಗೆದ ಕೂಡಲೇ ಮತ್ತೆ ಅಡ್ಡ ಬಂತು. ಇನ್ನೊಮ್ಮೆ ತಿರುಗಿಸಿದೆ. ಇನ್ನೊಮ್ಮೆ ಬಂತು. ನೋವು ಜೋರಾಗುತ್ತಿತ್ತು. ನೀರು ಒಡೆದು ಕೂಸಿನ ಕೈ ಕೆಳಗೆ ಜಾರಿತೆಂದರೆ ಆಮೇಲೆ ಕೂಸೂ ಇಲ್ಲ, ತಾಯಿಯೂ ಇಲ್ಲ. ಹೆರಿಗೆ ಪೈಕಿಯವರ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಹೊಟ್ಟೆ ಕೊಯ್ದು ತೆಗೆಯಬೇಕು, ಅದು ಥಿಯೇಟರಿನವರ ಕೆಲಸ, ಥಿಯೇಟರು ಇರುವುದು ಹಾಸನದಲ್ಲಿ.

"ಏನಾಯ್ತವ್ವ?" ಅಂದಳು ನಂಜಮ್ಮ. ನನ್ನ ಮುಖ ನೋಡಿಯೇ ಅವಳಿಗೆ ಅರ್ಧ ಗೊತ್ತಾಗಿತ್ತು.

"ಹಾಸನಕ್ಕೆ ಹೋಗ್ಬೇಕು. ಈಗಲೇ."

ಅವಳು ಅಳಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಕೂತಳು.

ಟಾರು ರಸ್ತೆಯವರೆಗೆ ಗಾಡಿ ಸಿಕ್ಕಿದರೆ ಬಸ್ಸು ಹಿಡಿಯಬಹುದು. ಗಾಡಿ ತನ್ನಿ ಅಂತ ಚನ್ನಪ್ಪನವರಿಗೆ ಹೇಳಿ ಬೀದಿ ಬಾಗಿಲು ತೆಗೆದೆ. ಬಾಗಿಲಿಗೆ ಬೇವಿನ ಸೊಪ್ಪಿನ ತೋರಣ ಕಟ್ಟಿತ್ತು. ಪಾರ್ವತಮ್ಮನ ಬಾಗಿಲಿಗೂ ಕಟ್ಟಿತ್ತು, ಎದುರು ಸಾಲಿನ ಎಲ್ಲ ಬಾಗಿಲಿಗೂ ಕಟ್ಟಿತ್ತು. ಹೊಸಲಿನಾಚೆ ಅರಿಸಿನದ ನೀರು. ನನ್ನ ಬೆನ್ನ ಹಿಂದಿನಿಂದ ಇಣುಕಿದ ಸುಬ್ಬಮ್ಮ ಕಂಗಾಲಾಗಿ ನನ್ನನ್ನೇ ಕೇಳಿದಳು.

"ನಮ್ಮನೇಲಿ ಯಾರ್ಗಂತೆ?"

ಚನ್ನಪ್ಪನವರು ಮನೆಮನೆಗೆ ಗಾಡಿ ಕೇಳುತ್ತ ಹೋದರು. ಅವರು ಬರುವುದನ್ನು ಕಂಡ ಕೂಡಲೇ ಬಾಗಿಲುಗಳು ಹಾಕಿಕೊಳ್ಳುತ್ತಿದ್ದವು. ಕೊನೆಗೆ ವಾಪಸು ಬಂದು ನಮ್ಮ ಬೀದಿಯ ನಡುವೆ ನಿಂತು, ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಕೂಗಿ ಹೇಳಿದರು.

"ಆ ಅಮ್ಮ ಅಲ್ಲ ಕಣ್ರಲಾ! ಇನ್ನೊಂದಮ್ಮ!"

ಬಾಗಿಲ ಸಂದಿಯಿಂದ ಪಾರ್ವತಮ್ಮನ ಧ್ವನಿ ಬಂತು. "ಅಯ್ಯಯ್ಯೋ, ಇಬ್ರೂ ಬಂದ್ಬುಟ್ಟವ್ರೆ!"

ನನಗೆ ಸಿಟ್ಟು ನೆತ್ತಿಗೇರಿತು. ಇವರನ್ನು ನಂಬಿ ಕೂತರೆ ಆಗುವುದಲ್ಲ ಅಂತ ನಾನೇ ಬೀದಿಗೆ ಇಳಿದೆ. ಬಿಳಿ ಸೀರೆ, ಬಿಚ್ಚಿಹೋದ ಮುಡಿ, ಮೊಣಕೈವರೆಗೆ ಒದ್ದೆ ಕೈ, ಕೆಂಪಾದ ಮುಖ. "ಗಾಡಿ ಕೊಡ್ರೋ! ಗಾಡಿ ಕಟ್ರೋ!" ಅಂತ ಕೂಗಿದೆ. ನನ್ನನ್ನು ಕಂಡವರು ಇದ್ದಲ್ಲೇ ಉದ್ದಂಡ ಬಿದ್ದರು. "ಸಾಂತಿ ಆಗು ತಾಯಿ" ಅಂದರು. ನಾನು ತಾಯಿ ಅಲ್ಲ, ನರ್ಸು ಅಂದೆ. ಅರಿಸಿನದ ನೀರು ಎರಚಿದರು. ನಾನು ಕೂಗಿದಷ್ಟೂ ಎರಚಿದರು. ಕೈಮುಗಿದು ನಿಂತಿದ್ದ ಮುದುಕರೊಬ್ಬರು, "ಗಾಡಿ ಕೊಡ್ತೀವಿ ತಾಯಿ, ತಪ್ಪದೆ ಕೊಡ್ತೀವಿ" ಅಂದಾಗ ನನ್ನ ಜೀವ ಬಂದ ಹಾಗಾಯಿತು. ಆದರೆ ಅವರು ಕರೆಸಿದ್ದು ಬಡಗಿ ಗಂಗಯ್ಯನನ್ನು. ಮಾರಮ್ಮನನ್ನು ಊರ ಗಡಿ ದಾಟಿಸಿ ಕಳಿಸುವುದು ಒಂದು ಪುಟ್ಟ ಮರದ ಗಾಡಿಯಲ್ಲಿ ಕೂರಿಸಿ. ಗಂಗಯ್ಯ ಅರಳಿಕಟ್ಟೆಯ ಮೇಲೆ ಕೂತು ಬಹಳ ಭಯಭಕ್ತಿಯಿಂದ ಚಕ್ರ ಕೆತ್ತಲು ಶುರುಮಾಡಿದ. ಬೋಗುಣಿಯಷ್ಟು ಅಗಲದ ಚಕ್ರ.

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ನಗು ಬರಬೇಕಾಗಿತ್ತು. ಬರಲಿಲ್ಲ. ನಂಜಮ್ಮನ ಕಾಲ ಕೆಳಗೆ ದಿಂಬು ಇಟ್ಟು, ಎಡಕ್ಕೆ ಮಲಗಿಸಿ, ಮುಕ್ಕಿ ತಳ್ಳಬೇಡ, ನೋವು ಬಂದರೆ ಊದು, ಒಲೆ ಊದಿದ ಹಾಗೆ ಊದು ಅಂದೆ. ಅವಳು ಊದಿದಳು. ಸುಬ್ಬಮ್ಮನೂ ಪಕ್ಕದಲ್ಲಿ ಕೂತು ಊದಿದಳು.

ನಮ್ಮನ್ನು ಉಳಿಸಿದ್ದು ಊರ ಪಟೇಲ. ಊರಿಗೆ ಅಮ್ಮ ಬಂದರೆ ತಾಲ್ಲೂಕಿಗೆ ಸುದ್ದಿ ಮುಟ್ಟಿಸುವುದು ಪಟೇಲನ ಕರ್ತವ್ಯ. ಅವನು ತಳವಾರನನ್ನು ಸೈಕಲ್ಲಿನಲ್ಲಿ ಹೊಳೆನರಸೀಪುರಕ್ಕೆ ಓಡಿಸಿದ್ದ. ಸಂತೆಯ ದಿನವಾದ್ದರಿಂದ ಬಸವಲಿಂಗಮ್ಮ ಅಲ್ಲೇ ಇದ್ದಳು. ದೇವಿ ಹಾಕಲು, ಅಂದರೆ ಸಿಡುಬಿನ ಚುಚ್ಚುಮದ್ದು ಕೊಡಲು, ಡ್ರೈವರನ್ನು ಕರೆದುಕೊಂಡು ವ್ಯಾನು ತಂದಿದ್ದಳು. ಜನ ವ್ಯಾನು ಕಂಡು ಓಡುತ್ತಿದ್ದರು, ಅವಳು ಜನರ ಹಿಂದೆ ಓಡುತ್ತಿದ್ದಳು. ಸುದ್ದಿ ಕೇಳಿ ನೇರ ಬಿದರೆಕೊಪ್ಪಲಿಗೆ ಬಂದಳು. ವ್ಯಾನು ಊರೊಳಗೆ ನುಗ್ಗಿದಾಗ ಗಂಗಯ್ಯನ ಎರಡನೇ ಚಕ್ರ ಇನ್ನೂ ಮುಗಿದಿರಲಿಲ್ಲ.

ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಬಂದಳು. ನನ್ನನ್ನು ನೋಡಿದಳು. ನಂಜಮ್ಮನನ್ನು ನೋಡಿದಳು. ಮೈಮೇಲೆ ಒಂದು ಗುಳ್ಳೆಯೂ ಇಲ್ಲ.

"ಕೇಸು ಎಲ್ಲಿ?"

"ಇದೇ ಕೇಸು. ಅಡ್ಡ ಮಗು. ಹಾಸನಕ್ಕೆ ತಗೊಂಡು ಹೋಗ್ಬೇಕು."

"ಮುದ್ದಮ್ಮ, ಇದು ನನ್ನ ಪೈಕಿ ಅಲ್ಲ."

"ಗೊತ್ತು."

"ಆ ವ್ಯಾನಿನಲ್ಲಿ ಯಾರ್ಯಾರು ಮಲಗಿದ್ರು ಅಂತ ನಿಂಗೆ ಗೊತ್ತಿಲ್ಲ. ಮಲಗಿದೋರಲ್ಲಿ ಎಷ್ಟೋ ಜನ ವಾಪಸ್ ಬರಲಿಲ್ಲ. ಅದರೊಳಗೆ ಬಸುರಿನ ಮಲಗಿಸು ಅಂತೀಯಲ್ಲ!" ಅವಳು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವಳು ತನ್ನ ವ್ಯಾನಿಗೆ ಅಷ್ಟು ಹೆದರುತ್ತಾಳೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾವು ಅವಳಿಗೆ ಹೆದರುವುದರಲ್ಲೇ ಇದ್ದೆವು.

"ತೊಳೆದಿದ್ದೀಯಾ?"

"ದಿನಾ ತೊಳೀತೀನಿ. ಕೇಸು ಇದ್ರೂ ತೊಳೀತೀನಿ, ಇಲ್ದಿದ್ರೂ ತೊಳೀತೀನಿ. ಫಿನಾಯಿಲ್ ಹಾಕಿ, ಬಿಸಿಲಿಗೆ ಬಾಗಿಲು ತೆಗೆದಿಟ್ಟು. ಬೇಸಿಗೆ ಕಳೆದ ಮೇಲೆ ಕೇಸೇ ಹತ್ತಿಸಿಲ್ಲ. ಆದ್ರೂ..."

ಆಗ ನಂಜಮ್ಮ ಮಲಗಿದ್ದಲ್ಲಿಂದಲೇ ರವಿಕೆಯ ತೋಳು ಮೇಲಕ್ಕೆ ಸರಿಸಿದಳು. "ನಂಗೆ ದೇವಿ ಆಕ್ಸವ್ರೆ ಕಣವ್ವ. ಚಿಕ್ಕೋಳಾಗಿದ್ದಾಗ್ಲೇ. ನೋಡಿ." ತೋಳಿನ ಮೇಲೆ ಎರಡು ದುಂಡನೆಯ ಕಲೆ ಇದ್ದವು. ಬಸವಲಿಂಗಮ್ಮ ಬಗ್ಗಿ, ಕಲೆಯ ಮೇಲೆ ಬೆರಳಾಡಿಸಿ ನೋಡಿದಳು. ಅದು ಅವಳ ಪೈಕಿಯ ವಿಷಯ.

"ಚೆನ್ನಾಗಿ ಎದ್ದಿದೆ" ಅಂದಳು. ಮುಖದ ಬಟ್ಟೆ ಬಿಚ್ಚಿದಳು. "ಕಾಲು ನೀನು ಹಿಡಿ."

ಸುಬ್ಬಮ್ಮ ಮನೆ ಕಾಯಲು ನಿಂತಳು, ನಾನು ಮತ್ತು ಚನ್ನಪ್ಪನವರು ಹತ್ತಿದೆವು. ವ್ಯಾನು ಹೊರಟಾಗ ಊರಿನವರೆಲ್ಲ ಗಡಿಕಲ್ಲಿನವರೆಗೆ ಬಂದರು. ತಮಟೆ ಬಡಿದರು, ಹಿಂದಿನಿಂದ ನೀರು ಎರಚಿದರು. ಕಿಟಕಿಯಿಂದ ಒಂದು ಮೊರ ಒಳಗೆ ಬಂತು: ಮೊಸರನ್ನ, ಬೇವಿನ ಸೊಪ್ಪು, ಹಸಿರು ಬಳೆ, ರವಿಕೆ ಕಣ. ತಣ್ಣಗೆ ಓಗ್ಬುಡು ತಾಯಿ, ಇಂದಕ್ಕೆ ತಿರುಗಿ ನೋಡಬ್ಯಾಡ ಅಂದರು. ಮಾರಮ್ಮನಿಗೆ ಹೇಳುವುದು ಹೀಗೆಯೇ. ಇಷ್ಟು ಮರ್ಯಾದೆ ಕೊಟ್ಟು ಹೊರಹಾಕುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಎಲ್ಲ ಊರಲ್ಲೂ ಹೀಗೇ" ಅಂದಳು ಬಸವಲಿಂಗಮ್ಮ. "ಊಟಕ್ಕೆ ತೊಂದರೆ ಇಲ್ಲ." ಹಾಸನದವರೆಗೂ ಒಂದು ಕೈಯಲ್ಲಿ ನಂಜಮ್ಮನ ತಲೆ ಅಲುಗಾಡದ ಹಾಗೆ ಹಿಡಿದುಕೊಂಡಿದ್ದಳು. ಮೊಸರನ್ನ ಮುಟ್ಟಲಿಲ್ಲ.

ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಹುಚ್ಚಯ್ಯ ದೂರದಿಂದಲೇ ಕೈಯಡ್ಡ ಮಾಡಿದ. ಆ ವ್ಯಾನು ಗೇಟು ದಾಟಬಾರದು ಅನ್ನುವುದು ನಿಯಮ, ನಿಯಮ ಸರಿಯಾಗಿಯೂ ಇತ್ತು. ಬಸವಲಿಂಗಮ್ಮ ಅವನೊಡನೆ ಜಗಳವಾಡಲಿಲ್ಲ. ಗೇಟಿನಾಚೆಯೇ ನಿಂತು, ಅಲ್ಲಿಂದಲೇ, ಎದೆಯೊಡೆಯುವ ಹಾಗೆ ಕೂಗಿದಳು. "ಗಂಗಾಂಬಿಕೇ!"

ಗಂಗಾಂಬಿಕೆ ಬಂದಳು. ಹಿಂದೆ ಸ್ಟ್ರೆಚರು.

"ಏನು?"

"ಅಡ್ಡ ಮಗು" ಅಂದೆ.

"ನೀರು ಹೋಗಿದೆಯಾ?"

"ದಾರಿಯಲ್ಲಿ ಹೋಯಿತು. ಕೈ ಇಳಿದಿಲ್ಲ."

"ಡಾಕ್ಟರಿಗೆ ಹೇಳಿ ಕಳಿಸಿ" ಅಂತ ಹಿಂದಿದ್ದವರಿಗೆ ಹೇಳಿ ವ್ಯಾನಿನ ಬಾಗಿಲಿಗೆ ಕೈ ಹಾಕಿದಳು. ನಾವು ಮುಟ್ಟಿದ ಚಿಲಕ ಮುಟ್ಟದವಳು ಬಸವಲಿಂಗಮ್ಮನ ವ್ಯಾನಿನ ಚಿಲಕ ಮುಟ್ಟಿದಳು. ಆಮೇಲೆ ಥಿಯೇಟರಿನಲ್ಲಿ ಅವಳು ಕೈ ಉಜ್ಜಿದ್ದನ್ನು ನೋಡಿದರೆ ಚರ್ಮ ಉಳಿಯುವುದು ಅನುಮಾನವಾಗಿತ್ತು, ಅದು ಬೇರೆ ಮಾತು.

ಬಸವಲಿಂಗಮ್ಮ ಗೇಟಿನಾಚೆ ಉಳಿದಳು. ಚನ್ನಪ್ಪನವರು ಗೇಟಿನೊಳಗೆ ಮರದ ಕೆಳಗೆ ಉಳಿದರು. ನಾನು ಥಿಯೇಟರಿನ ಹೊರಗೆ ಉಳಿಯಬೇಕಾಗಿತ್ತು. ನಂಜಮ್ಮ ನನ್ನ ಸೆರಗು ಬಿಡಲಿಲ್ಲ.

"ನನ್ ಕೂಸು ಬದುಕ್ತದಾ?" ಅಂತ ಅವಳು ಗಂಗಾಂಬಿಕೆಯನ್ನು ಕೇಳಿದಳು. ಗಂಗಾಂಬಿಕೆ ಅವಳ ಮುಖ ನೋಡಿದಳು. ನನ್ನ ಕಡೆ ತಿರುಗಿದಳು.

"ಕೈಕಾಲು ತೊಳೆದು ಗೌನು ಹಾಕ್ಕೊಂಡು ಬಾ. ಮುಖ ನೀನು ನೋಡ್ಕೋ, ಹೊಟ್ಟೆ ನಮಗೆ ಬಿಡು."

ಹಾಗಾಗಿ ನಾನು ನಂಜಮ್ಮನ ತಲೆಯ ಹತ್ತಿರ ನಿಂತೆ. ಅವಳಿಗೆ ಎಚ್ಚರ ತಪ್ಪುವವರೆಗೂ ಮಾತಾಡಿಸಿದೆ. ಆಮೇಲೆ ನೋಡಿದ್ದು ಗಂಗಾಂಬಿಕೆಯ ಕೈ. ಡಾಕ್ಟರು ಕೇಳುವ ಮೊದಲೇ ಕತ್ತರಿ ಅವರ ಅಂಗೈಯಲ್ಲಿ ಇರುತ್ತಿತ್ತು. ಅವರು ಕೇಳಲೂ ಇಲ್ಲ, ಅವಳು ಕೊಟ್ಟೆ ಅನ್ನಲೂ ಇಲ್ಲ. ಕೂಸನ್ನು ಮೇಲಕ್ಕೆತ್ತಿದರು. ಹೆಣ್ಣು. ನೀಲಿಗಟ್ಟಿತ್ತು. ಅಳಲಿಲ್ಲ.

"ನಿನ್ನ ಪೈಕಿ" ಅಂದಳು ಗಂಗಾಂಬಿಕೆ, ನನ್ನ ಕೈಗೆ ಕೊಟ್ಟಳು.

ಬಾಯೊಳಗಿನ ಲೋಳೆ ತೆಗೆದೆ. ತಲೆ ತಗ್ಗಿಸಿ ಹಿಡಿದು ಬೆನ್ನು ಉಜ್ಜಿದೆ. ಅಂಗಾಲು ತಟ್ಟಿದೆ. ಬಾಯಿಗೆ ಬಾಯಿಟ್ಟು ಕೆನ್ನೆಯಲ್ಲಿ ಹಿಡಿದಷ್ಟೇ ಗಾಳಿ ಊದಿದೆ. ಏನೂ ಇಲ್ಲ. ಬರುತ್ತೇನೆ ಅಂದವಳು ನಾನಲ್ಲವೇ ಅನ್ನುವುದೊಂದೇ ತಲೆಯಲ್ಲಿತ್ತು. ಮತ್ತೆ ಊದಿದೆ. ಮತ್ತೆ ಬೆನ್ನು ಉಜ್ಜಿದೆ. ಆಗ ಅದು ಸೀನಿತು. ಸೀನಿದ ಮೇಲೆ, ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಅಂತ ಬೈಯುವ ಹಾಗೆ ಅತ್ತಿತು. ನಾನೂ ಅತ್ತೆ. ಥಿಯೇಟರಿನಲ್ಲಿ ಅಳಬಾರದು, ಕಣ್ಣೀರಿನಲ್ಲೂ ಕ್ರಿಮಿ ಇರುತ್ತದೆ ಅಂತ ಗಂಗಾಂಬಿಕೆ ಅಂದಳು.

ಹೊರಗೆ ಬಂದು ಚನ್ನಪ್ಪನವರಿಗೆ ಹೇಳಿದೆ. ಅವರು ಮರಕ್ಕೆ ಒರಗಿ ನಿಂತು "ಸರಿ" ಅಂದರು. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಗೇಟಿನಾಚೆ ಬಸವಲಿಂಗಮ್ಮ ಇನ್ನೂ ನಿಂತಿದ್ದಳು. ಕೈಯಾಡಿಸಿ, ಹೆಣ್ಣು ಅಂತ ಕೂಗಿದೆ. ಅವಳು ವ್ಯಾನು ಹತ್ತಿ ಹೋದಳು. ಮುಂದಿನ ವಾರ ಅವಳು ಬಿದರೆಕೊಪ್ಪಲಿಗೆ ದೇವಿ ಹಾಕಲು ಹೋದಾಗ ಒಬ್ಬರೂ ಓಡಲಿಲ್ಲವಂತೆ. ಅಂಗಿಯ ತೋಳು ಮಡಿಸಿಕೊಂಡು ಸಾಲಾಗಿ ನಿಂತಿದ್ದರಂತೆ. ಸಿಡುಬೇ ಬಾರದ ಊರಿನಲ್ಲಿ ಅಷ್ಟು ಸಲೀಸಾಗಿ ಕೆಲಸ ಮುಗಿದದ್ದು ಅವಳಿಗೆ ಅದೊಂದೇ.

ನಂಜಮ್ಮ ಹೊಲಿಗೆ ಒಣಗಿದ ಮೇಲೆ ಕೂಸನ್ನು ಕರೆದುಕೊಂಡು ಊರಿಗೆ ಹೋದಳು. ಮನೆಗೆ ಹೋಗಿ ತಾಯಿ-ಮಗು ನೋಡಿ ಬರುವುದೂ ಹೆರಿಗೆಯವರ ಕೆಲಸವೇ. ಹೋದೆ. ಬಸ್ಸಿಳಿದು ನಡೆದು ಗಡಿಕಲ್ಲಿನ ಹತ್ತಿರ ಬಂದರೆ ಕಲ್ಲಿನಾಚೆ ಸುಬ್ಬಮ್ಮ ನಿಂತಿದ್ದಳು, ಜೊತೆಗೆ ಪಾರ್ವತಮ್ಮ. ನಾನು ಬರುವುದನ್ನು ಯಾರೋ ಬಸ್ಸಿನಲ್ಲಿ ಕಂಡು ಮುಂದಾಗಿ ಹೇಳಿದ್ದರು. ಸುಬ್ಬಮ್ಮ ಕೈಮುಗಿದಳು.

"ಗಡಿ ದಾಟ್ಸಿದ ಅಮ್ಮ ಮತ್ತೆ ಊರೊಳೀಕೆ ಬರಬಾರ್ದು ಕಣವ್ವ."

"ಸುಬ್ಬಮ್ಮ, ನಾನು ಮಾರಮ್ಮ ಅಲ್ಲ ಅಂತ ನಿಮಗೆ ಗೊತ್ತು. ನಿಮ್ಮ ಪಕ್ಕದಲ್ಲೇ ಕೂತು ಊದಿದ್ದೀನಿ. ನಾನು ಲಕ್ಕಯ್ಯನ ಮಗಳು ಮುದ್ದಮ್ಮ."

"ಅದೂ ಗೊತ್ತಾಯ್ತು ಕಣವ್ವ" ಅಂದಳು. ಮುಗಿದ ಕೈ ಹಾಗೇ ಇತ್ತು.

ಪಾರ್ವತಮ್ಮ ನೆಲ ನೋಡಿದಳು. ಅವಳ ತಮ್ಮ ಸಂತೆಯಲ್ಲಿ ನಮ್ಮಪ್ಪನ ಜೊತೆ ನನ್ನನ್ನು ನೋಡಿದ್ದನಂತೆ. ಅಂದು ಅಮ್ಮ ಹೋದ ಮೇಲೆ ಮನೆಯೆಲ್ಲ ತೊಳೆದರು ಅಂತ ಕೇಳಿದ್ದೆ. ಒಂದು ಸಲ ತೊಳೆದದ್ದು ಮಾರಮ್ಮನಿಗೆ. ಲಕ್ಕಯ್ಯನ ಮಗಳಿಗೆ ಅಂತ ಎರಡನೇ ಸಲವೂ ತೊಳೆದರೋ ಇಲ್ಲವೋ ಕೇಳಲಿಲ್ಲ. ನನಗೆ ನೋವಾಯಿತು. ಸಿಟ್ಟೂ ಬಂತು. ಕೈಮುಗಿದವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಗೆ ಅಂತ ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಚೀಲ ಎತ್ತಿಕೊಂಡೆ.

ಅಷ್ಟರಲ್ಲಿ ಊರ ಕಡೆಯಿಂದ ನಂಜಮ್ಮ ಬಂದಳು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು, ಎದೆಗೆ ಕೂಸು ಅವಚಿದ್ದಳು. ಸುಬ್ಬಮ್ಮ ಕಿರುಚಿದಳು.

"ಬಾಣಂತಿ ಒಸ್ಲು ದಾಟಬಾರ್ದು ಕಣೇ! ಓಗೇ ಒಳೀಕೆ!"

"ಅವತ್ತು ದಾಟಿದ್ಕೇ ಬದುಕಿವ್ನಿ ಅತ್ತೆ" ಅಂದಳು ನಂಜಮ್ಮ.

ಗಡಿಕಲ್ಲು ದಾಟಿ ಈಚೆ ಬಂದಳು. ಹೊಂಗೆ ಮರದ ನೆರಳಿನಲ್ಲಿ ಕಾಲು ಚಾಚಿ ಕೂತಳು. ಕೂಸನ್ನು ನನ್ನ ಮಡಿಲಿಗೆ ಹಾಕಿ, ಅದರ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ ಹೇಳಿದಳು. "ನೋಡು ಮಗ. ಅಮ್ಮ ಬಂದವ್ರೆ."

ಕೂಸಿನ ಹೊಕ್ಕಳು ನೋಡಿದೆ, ಚೆನ್ನಾಗಿತ್ತು. ಕಣ್ಣು ನೋಡಿದೆ. ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಕೆಂಪಗೆ ಹುಣ್ಣಾಗಿತ್ತು. ಇಲ್ಲಿ ಚೆನ್ನಾಗಿ ತೊಳೆದು ಒರೆಸಬೇಕು, ನೀರು ಹಾಕುವವರು ಮಡಿಕೆ ಬಿಡಿಸುತ್ತಿಲ್ಲ ಅಂದೆ. ನೀರು ಹಾಕುತ್ತಿದ್ದವಳು ಸುಬ್ಬಮ್ಮ. ಕಲ್ಲಿನಾಚೆ ನಿಂತು ಕೇಳಿಸಿಕೊಂಡಳು.

ಹೇಗೆ ಅಂತ ತೋರಿಸೋಣ ಅಂದರೆ ನೀರಿಲ್ಲ. ಅದನ್ನು ಯೋಚಿಸುತ್ತಿರುವಾಗ ಊರ ದಾರಿಯಲ್ಲಿ ಚನ್ನಪ್ಪನವರು ಕಂಡರು. ಹೆಗಲ ಮೇಲೆ ಪಾರ್ವತಮ್ಮನ ಹಂಡೆ, ಹಂಡೆಯಿಂದ ಹಬೆ.

"ಯಾಕಣ್ಣ ಅಂಡೆ?" ಅಂದಳು ಪಾರ್ವತಮ್ಮ, ಬಾಯಿ ತಪ್ಪಿ.

"ಅಮ್ಮ ಬಂದವ್ರೆ" ಅಂದರು ಚನ್ನಪ್ಪನವರು. ಗಡಿ ದಾಟಿ ಬಂದು ಹಂಡೆ ನನ್ನ ಮುಂದೆ ಇಳಿಸಿದರು. ಈ ಸಲ ಯಾರೂ ಬೇವಿನ ಸೊಪ್ಪು ತರಲು ಓಡಲಿಲ್ಲ.

ನಾನು ಷೂ ಬಿಚ್ಚಿ, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೆ. ಗಲ್ಲ ಎತ್ತಿ ಕತ್ತಿನ ಮಡಿಕೆ ಬಿಡಿಸಿ ನೀರು ಬಿಟ್ಟೆ. ಕೂಸು ಚೀರಿತು. ಸುಬ್ಬಮ್ಮ ಕಲ್ಲಿನಾಚೆ ಒಂದು ಸಲ ಅತ್ತ ಹೋದಳು, ಒಂದು ಸಲ ಇತ್ತ ಬಂದಳು. "ಅಂಗಲ್ಲ ಕಣವ್ವ, ಬೆನ್ನಿಗೆ ಕೈ ಕೊಡು" ಅಂದಳು. ಕೊಟ್ಟೆ. "ಅಂಗೂ ಅಲ್ಲ." ಕೂಸು ಇನ್ನೂ ಜೋರಾಗಿ ಚೀರಿತು. ತನ್ನ ಮೊಮ್ಮಗಳಿಗೆ ಬೇರೆಯವರು ನೀರು ಹಾಕುವುದನ್ನು ಅವಳಿಂದ ನೋಡಲಾಗಲಿಲ್ಲ. ಸೀರೆ ಎತ್ತಿ ಕಟ್ಟಿ ಗಡಿಕಲ್ಲು ದಾಟಿ ಬಂದು ನನ್ನೆದುರು ಕುಕ್ಕರಗಾಲಿನಲ್ಲಿ ಕೂತು ಕೂಸಿನ ಬೆನ್ನ ಕೆಳಗೆ ಕೈಯಿಟ್ಟಳು. ಅಲ್ಲಿ ಆಗಲೇ ನನ್ನ ಕೈ ಇತ್ತು.

ಅವಳು ಕೈ ತೆಗೆಯಲಿಲ್ಲ. ತೆಗೆದರೆ ಕೂಸು ಬೀಳುತ್ತಿತ್ತು. ಇಬ್ಬರೂ ಸೇರಿ ನೀರು ಹಾಕಿದೆವು, ಒರೆಸಿದೆವು, ಸಾಂಬ್ರಾಣಿ ಇರಲಿಲ್ಲ, ಸುಮ್ಮನೆ ಬಟ್ಟೆಯಲ್ಲಿ ಸುತ್ತಿದೆವು. ಕೂಸು ನಿದ್ದೆ ಹೋಯಿತು.

ಮುಂದಿನ ಸಲ ಹೋದಾಗಲೂ ಗಡಿಕಲ್ಲಿನ ಹತ್ತಿರವೇ, ಆ ಮುಂದಿನ ಸಲವೂ ಅಲ್ಲೇ. ಕೂಸಿಗೆ ನೀರು ಹಾಕಿದ ದಿನ ಮನೆಗೆ ಹೋದ ಮೇಲೆ, ನನ್ನ ಕೈ ತಗುಲಿದ್ದಕ್ಕೆ, ಅತ್ತೆ ತಲೆಯ ಮೇಲೆ ನೀರು ಸುರಿದುಕೊಂಡರು ಅಂತ ನಂಜಮ್ಮ ನನಗೆ ಹೇಳಿದಳು, ಮುಚ್ಚಿಡಲಿಲ್ಲ. ಆ ನೀರನ್ನೂ ಚನ್ನಪ್ಪನವರೇ ಕಾಯಿಸಿಕೊಟ್ಟರಂತೆ. ಗಂಗಾಂಬಿಕೆ ಥಿಯೇಟರಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಸ್ನಾನ ಮಾಡುತ್ತಿದ್ದಳು. ಬಸವಲಿಂಗಮ್ಮ ಷೆಡ್ಡಿನಿಂದ ಬಂದು ಒಂದು ಸಲ, ಮನೆಗೆ ಹೋಗಿ ಒಂದು ಸಲ. ನನಗೂ ಹೆರಿಗೆಗೆ ಮೊದಲು, ಆದ ಮೇಲೆ, ಎರಡು ಸಲ ಇದ್ದೇ ಇತ್ತು. ನಮ್ಮಲ್ಲೆಲ್ಲ ಒಂದೇ ಸಲ ನೀರು ಹಾಕಿಸಿಕೊಂಡು ಸುಮ್ಮನೆ ಮಲಗಿದ್ದು ಆ ಕೂಸು ಮಾತ್ರ.